ಹನ್ನೆರಡು ಪತ್ರಗಳಿಗೆ ಒಂದೇ ಹೆಸರು

ಹೆಸರು ಬರೆಯದ ವಸ್ತು ನನ್ನ ಕಣ್ಣೆದುರು ಇರಬಾರದು. ಇದನ್ನು ನಾನು ಬಹಳ ವರ್ಷ ಗುಣ ಎಂದು ತಿಳಿದಿದ್ದೆ. ರೋಗ ಎಂದು ನನ್ನ ಹೆಂಡತಿ ಮದುವೆಯಾದ ಮೊದಲ ವಾರವೇ ಕಂಡುಹಿಡಿದಿದ್ದಳು. ನಮ್ಮ ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಉಂಟು. ಛತ್ರಿಯ ಹಿಡಿಕೆಗೆ ಚೀಟಿ, ಬೀಗದ ಕೈಗಳಿಗೆ ಚೀಟಿ, ಚೀಟಿ ಬರೆಯುವ ಪೆನ್ನು ಇಡುವ ಪೆಟ್ಟಿಗೆಗೂ ಚೀಟಿ. "ಸಕ್ಕರೆ ಡಬ್ಬಿಗೆ 'ಉಪ್ಪು' ಅಂತ ಬರೆದು ಅಂಟಸ್ರಿ, ಇರುವಿಗಳಾದ್ರೂ ನಿಮ್ಮ ಅಕ್ಷರ ಓದಿ ಮೋಸ ಹೋಗ್ಲಿ" ಎಂದು ಆಕೆ ಹೇಳುತ್ತಾಳೆ. ಹೇಳಲಿ. ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೂವತ್ತಮೂರು ವರ್ಷ ಕುಳಿತವನಿಗೆ ಚೀಟಿಯ ಬೆಲೆ ಗೊತ್ತು. ಒಮ್ಮೆ ಚಿತ್ತಾಪುರದ ಕಡೆಯಿಂದ ಬಂದ ಒಂದು ಬುಟ್ಟಿ ಕೋಳಿಯ ಚೀಟಿ ದಾರಿಯಲ್ಲಿ ಹರಿದುಹೋಗಿತ್ತು. ಯಾರ ಕೋಳಿ, ಯಾವ ಊರಿಗೆ, ಯಾರಿಗೂ ತಿಳಿಯದು. ಮೂರು ದಿನ ಅವು ನನ್ನ ಮೇಜಿನ ಕೆಳಗೆ ಇದ್ದವು. ಎರಡನೆಯ ದಿನ ಅವುಗಳಲ್ಲೊಂದು ಮೊಟ್ಟೆ ಇಟ್ಟಿತು. ಬುಕ್ ಆಗದೆ ಬಂದ ಆ ಮೊಟ್ಟೆಯನ್ನು ರಿಜಿಸ್ಟರಿನ ಯಾವ ಕಾಲಮಿನಲ್ಲಿ ಬರೆಯಬೇಕೆಂದು ನಾನು ಮೇಲಿನವರಿಗೆ ಪತ್ರ ಬರೆದೆ. ಉತ್ತರ ಇನ್ನೂ ಬಂದಿಲ್ಲ.

ನಮ್ಮ ಆಫೀಸಿನಲ್ಲಿ ಎರಡು ನಿಯಮ ಎಲ್ಲಕ್ಕಿಂತ ದೊಡ್ಡವು. ಒಂದು, ಒಬ್ಬನೇ ಹನ್ನೆರಡು ಗಂಟು ಕಳಿಸಿದರೆ ಪ್ರತಿ ಗಂಟಿನ ಮೇಲೂ 'ಹನ್ನೆರಡರಲ್ಲಿ ಒಂದು', 'ಹನ್ನೆರಡರಲ್ಲಿ ಎರಡು' ಎಂದು ಗುರುತು ಇರಬೇಕು. ಎರಡು, ಕಳಿಸಿದವನು ಹಾಕಿದ ಗುರುತನ್ನು ಗುಮಾಸ್ತ ತಿದ್ದಬಾರದು. ಅದು ತಪ್ಪಾಗಿದ್ದರೂ ಅವನ ತಪ್ಪು. ನಾವು ಕೈ ಹಾಕಿದರೆ ನಮ್ಮ ತಪ್ಪು. ಈ ಎರಡು ನಿಯಮಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಹುದು ಎಂದು ಮೂವತ್ತಮೂರು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ನಿವೃತ್ತಿಯಾದ ಮೇಲೆ, ಒಂದು ಶನಿವಾರ, ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಡುವೆ ಹೊಳೆಯಿತು.

ಅದನ್ನು ಹೇಳುವ ಮುಂಚೆ ನನ್ನ ಅಕ್ಕನ ಪರಿಚಯ ಆಗಬೇಕು. ಗೋದಕ್ಕ ನನಗಿಂತ ಆರು ವರ್ಷ ದೊಡ್ಡವಳು, ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ವಾಡಿಯಲ್ಲೇ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಭಾವನವರೊಂದಿಗೆ ಇದ್ದಾಳೆ. ನಮ್ಮ ವಂಶದ ಮಕ್ಕಳಿಗೆಲ್ಲ ಹೆಸರು ಇಟ್ಟವಳು ಅವಳೇ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ; ಹೇಳಿದ ತಕ್ಷಣ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ. "ಹೆಸರು ಅಂದ್ರ ಹಗುರ ಮಾತಲ್ಲೋ ಶ್ಯಾಮು. ಇಟ್ಟಾಕಿಗೆ ನೆನಪ ಉಳೀಬೇಕು" ಎಂದಳು. ಆದರೂ ನಮ್ಮಲ್ಲಿ ಹೆಸರುಗಳಿಗೆ ಬರ. ಸೇಡಂ, ಚಿಂಚೋಳಿ, ತೆಂಗಳಿ, ಶಹಾಬಾದಗಳಲ್ಲಿ ಹರಡಿಕೊಂಡ ನಮ್ಮ ಬಳಗದಲ್ಲಿ ಏಳು ಜನ ವೆಂಕಟೇಶ ಇದ್ದಾರೆ. ಮನೆದೇವರ ಹೆಸರು ಬಿಡುವಂತಿಲ್ಲ. ಹಾಗಾಗಿ ಸೇಡಂ ವೆಂಕ್ಯಾ, ಚಿಂಚೋಳಿ ವೆಂಕ್ಯಾ ಎಂದು ಊರು ಕೂಡಿಸಿ ಕರೆಯುತ್ತೇವೆ. ಸೇಡಂನಲ್ಲೇ ಇಬ್ಬರಿರುವುದರಿಂದ ಒಬ್ಬನು ಕನ್ನಡಕದ ವೆಂಕ್ಯಾ. ಈಗ ಇಬ್ಬರಿಗೂ ಕನ್ನಡಕ ಬಂದಿದೆ, ಆ ಮಾತು ಬೇರೆ.

ಗೋದಕ್ಕ ನಿವೃತ್ತಿಯಾದ ಮೇಲೆ ಸುಮ್ಮನೆ ಕುಳಿತವಳಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹೆಂಗಸರನ್ನು ಕೂಡಿಸಿ ಮಧ್ಯಾಹ್ನ ತನ್ನ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಪಾಠ ಹೇಳಲು ಶುರುಮಾಡಿದಳು. ಆ ವರ್ಷ ಹನ್ನೆರಡು ಜನ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದರು. ಅವರಲ್ಲಿ ರಾವೂರದ ಮಲ್ಲಮ್ಮ ಅಂಗನವಾಡಿಯ ಸಹಾಯಕಿ. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳ ಮೂಗು ಒರೆಸಿ ಅನ್ನ ಬೇಯಿಸಿದವಳು. ಹತ್ತನೆಯದು ಪಾಸಾದರೆ ಆಕೆ ಕಾರ್ಯಕರ್ತೆ ಆಗಬಹುದಿತ್ತು. ಆದರೆ ಅದಕ್ಕೊಂದು ವಯಸ್ಸಿನ ಗಡಿ, ಆ ಗಡಿಗೆ ಅದೇ ಕೊನೆಯ ವರ್ಷ. ಹಿಂದೊಮ್ಮೆ ಗಣಿತ ಕೈಕೊಟ್ಟಿತ್ತು. "ಅಕ್ಕೋರ, ಈ ಸಲ ನಾ ದಾಟಲಿಲ್ಲಂದ್ರ ವಯಸ್ಸ ನನ್ನ ದಾಟಿ ಹೋಗ್ತದರಿ" ಎಂದು ಆಕೆ ನಗುತ್ತಲೇ ಹೇಳುತ್ತಿದ್ದಳು. ಪಡಸಾಲೆಯಲ್ಲಿ ಉಳಿದವರು ನಗುತ್ತಿರಲಿಲ್ಲ.

ಪರೀಕ್ಷೆ ಸೋಮವಾರ. ಪ್ರವೇಶ ಪತ್ರ ಅಂಚೆಯಲ್ಲಿ ಬರುವುದಿಲ್ಲ, ಇಂಟರ್‌ನೆಟ್ಟಿನಿಂದ ತೆಗೆದುಕೊಳ್ಳಬೇಕು, ಶನಿವಾರ ಸಂಜೆ ಐದಕ್ಕೆ ಬಾಗಿಲು ಬಂದ್ ಎಂಬ ಸುದ್ದಿ ಬಂದದ್ದು ಶುಕ್ರವಾರ. ಗೋದಕ್ಕ ಹನ್ನೆರಡು ನೋಂದಣಿ ನಂಬರುಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಚೀಟಿ ಬರೆಯೋದರಾಗ ನಿನ್ನ ಸಮ ಯಾರಿಲ್ಲ. ನೀನ ಹೋಗು" ಎಂದಳು. ಹೊಗಳಿಕೆ ಎಂದು ತಿಳಿದು ಹೋದೆ.

ವಾಡಿಯಲ್ಲಿ ಆಗ ಇದ್ದದ್ದು ಯೂಸುಫ್ ಮಿಯಾನ ಇಂಟರ್‌ನೆಟ್ ಸೆಂಟರ್. ಅದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಯೂಸುಫ್ ಮಿಯಾ ನನ್ನ ವಯಸ್ಸಿನವನೇ. ಕಂಪ್ಯೂಟರ್ ಬಂದರೂ ಅವನ ಬೆರಳು ಟೈಪ್‌ರೈಟರ್ ಮರೆತಿಲ್ಲ, ಕೀಬೋರ್ಡನ್ನು ಕುಟ್ಟಾಣಿಯಲ್ಲಿ ಕುಟ್ಟಿದಂತೆ ಕುಟ್ಟುತ್ತಾನೆ. ಅವನ ಪ್ರಿಂಟರಿನಲ್ಲಿ ಶಾಯಿ ಮುಗಿದಿತ್ತು. "ಫಿಕರ್ ಮಾಡಬ್ಯಾಡ್ರಿ ರಾವ್ ಸಾಹೇಬ್ರ. ಫ್ಲಾಪಿಗೆ ಹಾಕ್ಕೊಂಡು ಶಹಾಬಾದಕ್ಕ ಹೋಗ್ರಿ. ಸ್ಟೇಷನ್ ಎದುರಿಗೇ ಪ್ರಿಂಟ್ ತೆಗೆಯೋ ಅಂಗಡಿ ಅದ" ಎಂದು ಅಂಗೈಯಗಲದ ಚೌಕ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೈಗಿಟ್ಟ.

ಮೊದಲ ನಂಬರು ಒತ್ತಿದೆ. ಮುಂದೆ ಕಂಡದ್ದನ್ನು ನಾನು ಈಗಲೂ ಮರೆತಿಲ್ಲ. ಬಿಳಿಯ ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೇಲ್ಗಡೆ ಒಂದು ಗೆರೆ, ಗೆರೆಯ ಕೆಳಗೆ ಹೆಸರು, ಹೆಸರಿನ ಕೆಳಗೆ ತಂದೆಯ ಹೆಸರು, ಪಕ್ಕದಲ್ಲಿ ಫೋಟೊ. ಬರೆದು ಒಣಗಿದ ಕಾಗದದ ಹಾಗೆ ಅಚ್ಚುಕಟ್ಟು. "ಈ ಕಾಗದ ಇಷ್ಟು ದಿನ ಎಲ್ಲಿತ್ತು ಮಿಯಾ? ಬೆಂಗಳೂರಾಗೋ, ಗುಲ್ಬರ್ಗಾದಾಗೋ?" ಎಂದು ಕೇಳಿದೆ.

"ಎಲ್ಲೂ ಇದ್ದಿಲ್ರಿ."

"ಎಲ್ಲೂ ಇಲ್ಲದ್ದು ಬಂತು ಹ್ಯಾಂಗ?"

"ನೀವು ನಂಬರ್ ಒತ್ತಿದ್ರಿ, ಅದು ಹುಟ್ಟಿತು. ನೀವು ಒತ್ತಲಿಲ್ಲಂದ್ರ ಹುಟ್ಟತಿದ್ದಿಲ್ಲ. ಬಂದ್ ಮಾಡಿದ್ರ ಹೋಗ್ತದ. ಮತ್ತ ಒತ್ತಿದ್ರ ಮತ್ತ ಹುಟ್ಟತದ."

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಕಾಗದ ಎಂದರೆ ಎಲ್ಲೋ ಒಂದು ಕಡೆ ಇರಲೇಬೇಕು ಎಂದು ನಂಬಿ ಬದುಕಿದವನು ನಾನು: ಕಪಾಟಿನಲ್ಲಿ, ಇಲ್ಲವೇ ಗಂಟಿನಲ್ಲಿ, ಕೊನೆಗೆ ಇಲಿಯ ಹೊಟ್ಟೆಯಲ್ಲಾದರೂ. ಎಲ್ಲಿಯೂ ಇಡದ ಕಾಗದ, ಕರೆದಾಗ ಬರುವ ಕಾಗದ! ಪುರಾಣದಲ್ಲಿ ಕಂಬದಿಂದ ದೇವರು ಬಂದದ್ದನ್ನು ನಾನು ನಂಬುತ್ತೇನೆ. ಆದರೆ ಅಲ್ಲಿ ಕರೆದವನು ಪ್ರಹ್ಲಾದ; ಇಲ್ಲಿ ಕರೆದವನು ಪಾರ್ಸಲ್ ಗುಮಾಸ್ತ. ಯೋಗ್ಯತೆ ಕೇಳದೆ ಬಂದಿತಲ್ಲ ಎಂಬುದೇ ನನಗೆ ದೊಡ್ಡ ಸೋಜಿಗ.

ಬೆರಗಾದ ಮನುಷ್ಯ ಎಚ್ಚರದಲ್ಲಿ ಇರುವುದಿಲ್ಲ. ಫ್ಲಾಪಿಯಲ್ಲಿ ಉಳಿಸಲು ಹೋದಾಗ ಹೆಸರಿನ ಜಾಗದಲ್ಲಿ ಆಗಲೇ 'ಪ್ರಿಂಟ್' ಎಂದು ಬಂದಿತ್ತು. ಕಳಿಸಿದವರು ಹಾಕಿದ ಗುರುತು, ತಿದ್ದಬಾರದು, ಹಾಗೆಯೇ ಉಳಿಸಿದೆ. ಎರಡನೆಯದಕ್ಕೂ 'ಪ್ರಿಂಟ್' ಎಂದೇ ಬಂತು. ಜೊತೆಗೆ ಒಂದು ಚಿಕ್ಕ ಪೆಟ್ಟಿಗೆ ಎದ್ದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಯೂಸುಫ್ ಮಿಯಾ ಆಚೆ ಯಾರದೋ ಅರ್ಜಿ ಕುಟ್ಟುತ್ತಿದ್ದವನು ತಿರುಗದೆಯೇ, "ಅದು ಏನರೆ ಕೇಳಿದ್ರ 'ಹೂಂ' ಅನ್ರಿ ಸಾಹೇಬ್ರ, ಎಲ್ಲಾದಕ್ಕೂ ಕೇಳೋ ಚಟ ಅದಕ್ಕ" ಎಂದ. ಹೂಂ ಎಂದೆ. ಹೀಗೆ ಹನ್ನೊಂದು ಸಲ ಹೂಂ ಎಂದೆ. ಕೊನೆಗೆ ಫ್ಲಾಪಿಯ ಮೇಲೆ ನನ್ನ ಅತ್ಯುತ್ತಮ ಅಕ್ಷರದಲ್ಲಿ 'ಪ್ರವೇಶ ಪತ್ರ, ಒಟ್ಟು ಹನ್ನೆರಡು' ಎಂದು ಬರೆದು, ಕೆಳಗೆ ಸಹಿ ಮಾಡಿ, ಅಂಗಿಯ ಕಿಸೆಗೆ ಹಾಕಿಕೊಂಡು ಶಹಾಬಾದಕ್ಕೆ ಪ್ಯಾಸೆಂಜರ್ ಹತ್ತಿದೆ. ದಾರಿಯುದ್ದಕ್ಕೂ ಕಿಸೆಯ ಮೇಲೆ ಕೈ. ಹನ್ನೆರಡು ಹೆಣ್ಣುಮಕ್ಕಳ ಹಣೆಬರಹ ಬೀಡಾ ಪೊಟ್ಟಣಕ್ಕಿಂತ ಹಗುರವಾಗಿತ್ತು.

ಶಹಾಬಾದದ ಅಂಗಡಿಯಲ್ಲಿ ಕುಳಿತಿದ್ದವಳು ಚುರುಕಾದ ಹೆಂಗಸು. ಫ್ಲಾಪಿಯ ಮೇಲಿನ ಬರಹ ಓದಿ, "ಎಷ್ಟ ಚಂದ ಅಕ್ಷರ ಅವ್ರಿ ನಿಮ್ಮವು" ಎಂದಳು. ಒಳಗೆ ತೆರೆದು ನೋಡಿ, "ಹೊರಗ ಹನ್ನೆರಡು ಅಂತ ಅದ, ಒಳಗ ಒಂದೇ ಅದ ಅಲ್ರಿ" ಎಂದಳು.

"ಸರಿಯಾಗಿ ನೋಡ್ರಿ."

"ಒಂದನ್ನ ಎಷ್ಟ ಸಲ ನೋಡಿದ್ರೂ ಒಂದೇ ಕಾಣ್ತದರಿ. ಮಲ್ಲಮ್ಮ ಅಂತ ಅದ. ಒಂದೇ ಹೆಸರಿನ ಮ್ಯಾಲ ಎಲ್ಲಾ ಉಳಿಸೀರಿ. ಹಿಂದಿಂದು ಅಳಿಸಿ ಮುಂದಿಂದು ಕುಂತದ. ಕೇಳಿರಬೇಕಲ್ಲ ಅದು, ಹಿಂದಿಂದು ಅಳಸ್ಲೇನು ಅಂತ?"

ಕೇಳಿತ್ತು. ಹನ್ನೊಂದು ಸಲ, ಬಹಳ ಮರ್ಯಾದೆಯಿಂದ ಕೇಳಿತ್ತು.

"ಇದೊಂದರೆ ತೆಗೀಲೇನ್ರಿ?" ಎಂದು ಆಕೆ ಕೇಳಿದಳು. ಇಲ್ಲಿ ನನ್ನ ಶಿಸ್ತು ಎದ್ದು ನಿಂತಿತು. ಹನ್ನೆರಡು ಗಂಟು ಬುಕ್ ಆಗಿದ್ದರೆ ಒಂದನ್ನು ಬಿಡಿಸಿಕೊಡುವ ಪದ್ಧತಿ ನನ್ನಲ್ಲಿ ಇಲ್ಲ. ಎಲ್ಲ ಒಟ್ಟಿಗೆ ಬರಬೇಕು, ಒಂದೇ ಸಹಿಯಲ್ಲಿ ಹೋಗಬೇಕು. "ಬ್ಯಾಡ್ರಿ, ಹನ್ನೆರಡೂ ಕೂಡೇ ತೆಗಸ್ತೀನಿ" ಎಂದು ಫ್ಲಾಪಿ ಇಸಿದುಕೊಂಡೆ. ಆ ಅಂಗಡಿಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ವಾಡಿಯ ಗಾಡಿ ನಿಂತಿತ್ತು. ಈ 'ಬ್ಯಾಡ್ರಿ' ಎಂಬ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ವಾಡಿಗೆ ಬಂದಾಗ ಮೂರು ಗಂಟೆ. ಐದರವರೆಗೆ ಸಮಯವಿದೆ ಎಂದು ಧೈರ್ಯ ತಂದುಕೊಂಡವನಿಗೆ ಯೂಸುಫ್ ಮಿಯಾ, "ನಾಕಕ್ಕ ಕರೆಂಟ್ ಹೋಗ್ತದರಿ, ಬರೋದು ಆರಕ್ಕ" ಎಂದು ನೆನಪು ಮಾಡಿದ. ಅಷ್ಟರಲ್ಲಿ ಗೋದಕ್ಕ ಒಳಗೆ ಬಂದಳು. ಹಿಂದೆಯೇ ಮಲ್ಲಮ್ಮ. ತನ್ನ ಪತ್ರ ಒಯ್ಯಲು ರಾವೂರದಿಂದ ನಡೆದು ಬಂದಿದ್ದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಹನ್ನೆರಡಕ್ಕೂ ಒಂದೇ ಹೆಸರು ಇಟ್ಟಿಯಾ?" ಎಂದಳು ಗೋದಕ್ಕ.

"ನಾ ಇಡಲಿಲ್ಲ. ಅದೇ ಇಟ್ಟುಕೊಂಡು ಬಂತು."

ಯೂಸುಫ್ ಮಿಯಾ ನನ್ನ ಪರವಾಗಿ ನಿಂತ. "ಬಾಯಿಯವರ, ತಪ್ಪು ಸಾಹೇಬ್ರದಲ್ಲ. ಅಲ್ಲಿ ಪತ್ರ ಹುಟ್ಟಸೋ ಜಾಗಾಕ್ಕ 'ಪ್ರಿಂಟ್' ಅಂತ ಹೆಸರು. ಹುಟ್ಟಸಿದವರು ಪತ್ರಕ್ಕ ಬ್ಯಾರೆ ಹೆಸರು ಹೇಳಿ ಕಳಿಸಿಲ್ಲ. ಈ ಬ್ರೌಸರ್ ಪಾಪ ಏನ್ ಮಾಡಬೇಕು? ಯಾವ ಜಾಗಾದಾಗ ಹುಟ್ಟೇದೋ ಅದರ ಹೆಸರೇ ಇಡ್ತದ."

"ಅಂದ್ರ ದವಾಖಾನಿ ಹೆಸರು ಹುಟ್ಟಿದ ಕೂಸಿಗೆಲ್ಲಾ ಇಟ್ಟಂಗಾತು" ಎಂದಳು ಗೋದಕ್ಕ. ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದವರೂ ನನಗೆ ಈ ವಿಷಯವನ್ನು ಇಷ್ಟು ತಿಳಿಯುವಂತೆ ಹೇಳಿಲ್ಲ.

ಗಡಿಬಿಡಿಯಲ್ಲಿ ಫ್ಲಾಪಿ ಹಾಕಿ ಮೊದಲ ನಂಬರು ಒತ್ತಿದೆ. ಪತ್ರ ಹುಟ್ಟಿತು. 'ಪ್ರಿಂಟ್' ಎಂದು ಬಂತು. ಪೆಟ್ಟಿಗೆ ಎದ್ದು ಕೇಳಿತು. ನನ್ನ ಬೆರಳು, ಬೆಳಗಿನ ಹನ್ನೊಂದು ಸಲದ ಅಭ್ಯಾಸ, ನಾನು ತಡೆಯುವುದರೊಳಗೆ ಹೂಂ ಎಂದುಬಿಟ್ಟಿತು. ಫ್ಲಾಪಿ 'ಕರಕರ' ಎಂದು ಸದ್ದು ಮಾಡಿತು. ಇದ್ದೊಬ್ಬ ಮಲ್ಲಮ್ಮನೂ ಅಳಿಸಿಹೋದಳು. ಶಹಾಬಾದದಲ್ಲಿ ಕೈಗೆ ಬರುತ್ತಿದ್ದ ಕಾಗದವನ್ನು 'ಬ್ಯಾಡ್ರಿ' ಎಂದು ಬಿಟ್ಟುಬಂದವನು ಅದನ್ನು ಈಗ ಅವಳ ಎದುರಿಗೇ ಅಳಿಸಿದ್ದೆ. ಹಿಂದೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಆಗ ಬೆನ್ನ ಮೇಲೆ ಒಂದು ಗುದ್ದು ಬಿತ್ತು. ಗೋದಕ್ಕನದು.

"ಮೊದಲ ಹೆಸರು, ಆಮ್ಯಾಲ ತೊಟ್ಟಲು" ಎಂದಳು. "ಕೂಸಿನ ಹೆಸರು ಕಿವ್ಯಾಗ ಹೇಳದ ಹೊರತು ಕೆಳಗ ಇಡಬಾರದು. ನಡೀ, ಒಂದೊಂದಾಗಿ. ನಾ ಹೇಳ್ತೀನಿ, ನೀ ಬರಿ."

ಮುಂದಿನ ನಲವತ್ತು ನಿಮಿಷ ಆ ಅಂಗಡಿ ತೊಟ್ಟಿಲ ಕಾರ್ಯದ ಮನೆ ಆಯಿತು. ಪತ್ರ ಪರದೆಯ ಮೇಲೆ ಹುಟ್ಟುವುದು, ಗೋದಕ್ಕ ಪರದೆಗೆ ಬಾಯಿ ಹತ್ತಿರ ತಂದು "ಕುರ್ರ್... ಶರಣಮ್ಮ, ಗುಂಡಗುರ್ತಿ!" ಎನ್ನುವುದು, ನಾನು 'ಪ್ರಿಂಟ್' ಎಂಬುದನ್ನು ಅಳಿಸಿ ಹೆಸರು, ಊರು, ಹನ್ನೆರಡರಲ್ಲಿ ಎಷ್ಟನೆಯದು ಎಂದು ಬರೆಯುವುದು, ಉಳಿಸಿದ ಕೂಡಲೇ ನನ್ನ ಬೆನ್ನಿಗೆ ಗುದ್ದು ಬೀಳುವುದು. ಊರು ಸೇರಿಸಿದ್ದು ನಮ್ಮ ಏಳು ವೆಂಕಟೇಶರ ಪುಣ್ಯ, ಏಕೆಂದರೆ ಪಟ್ಟಿಯಲ್ಲಿ ಮೂವರು ಶರಣಮ್ಮ ಇದ್ದರು. ಆ ಪೆಟ್ಟಿಗೆ ಮತ್ತೆ ಒಮ್ಮೆಯೂ ಏಳಲಿಲ್ಲ. ಹೆಸರು ಬೇರೆಯಾದ ಮೇಲೆ ಅದಕ್ಕೆ ಕೇಳುವುದು ಏನೂ ಉಳಿದಿರಲಿಲ್ಲ. ಅರ್ಜಿ ಬರೆಸಲು ಬಂದವರು ತಮ್ಮ ಕೆಲಸ ಬಿಟ್ಟು ನಮ್ಮ ಸುತ್ತ ನಿಂತರು. ಏಳನೆಯ ಹೆಸರಿನ ಹೊತ್ತಿಗೆ ಯೂಸುಫ್ ಮಿಯಾನೂ "ಕುರ್ರ್" ಎನ್ನತೊಡಗಿದ. ಅರವತ್ತು ದಾಟಿದವನ ಬೆನ್ನು ಆ ಮಧ್ಯಾಹ್ನ ತಿಂದ ಗುದ್ದುಗಳ ಲೆಕ್ಕವನ್ನು ನಾನು ಇಡಲಿಲ್ಲ. ಆದರೆ ಪ್ರತಿ ಗುದ್ದಿಗೂ ಎಲ್ಲಿಯೂ ಇಲ್ಲದ ಒಬ್ಬಳು ಹೆಂಗಸು ಆ ಚೌಕದ ಫ್ಲಾಪಿಯೊಳಗೆ ಬಂದು, ತನ್ನದೇ ಹೆಸರಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ನನ್ನ ಮೈ ಝುಮ್ಮೆಂದಿತು. ಅದು ಗುದ್ದಿನಿಂದಲ್ಲ.

ಹನ್ನೊಂದು ಮುಗಿಯಿತು. ಮಲ್ಲಮ್ಮನ ನಂಬರು ಒತ್ತಿದೆ. ಕರೆಂಟ್ ಹೋಯಿತು.

ಫ್ಯಾನು ನಿಂತಿತು, ದೀಪ ಆರಿತು, ಪರದೆ ಮಾತ್ರ ಉಳಿಯಿತು. ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ 'ಕೀಂ... ಕೀಂ...' ಎಂದು ಅಳಲು ಶುರುಮಾಡಿತು. "ಐದು ನಿಮಿಷ ತಡೀತದರಿ" ಎಂದ ಯೂಸುಫ್ ಮಿಯಾ. "ಹೊಸಾದಿದ್ದಾಗ ತಡೀತಿತ್ತು" ಎಂದು ಮೆಲ್ಲಗೆ ಸೇರಿಸಿದ. ಬಿಳಿಯ ಪರದೆ ಸುಮ್ಮನಿತ್ತು. ಗೆರೆ ಬಂತು. ಹೆಸರು ಬಂತು. ಫೋಟೊದಲ್ಲಿ ಮಲ್ಲಮ್ಮ ಮೇಲಿನಿಂದ ಕೆಳಗೆ ಇಳಿದು ಬಂದಳು: ಮೊದಲು ಬೈತಲೆ, ಆಮೇಲೆ ಕುಂಕುಮ, ಕಣ್ಣು, ಗದ್ದ.

ನಾನು ಬರೆಯಲು ಕೈ ಎತ್ತಿದೆ. ಗೋದಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. "ಮಲ್ಲವ್ವ, ನಿಂದು ನೀನ ಬರಿ."

"ಅಕ್ಕಾ, ಹೊತ್ತಿಲ್ಲ!" ಎಂದೆ.

"ನೀ ಬಾಯಿ ಮುಚ್ಚಿ ಕುಂದ್ರು. ಆಗಲೇ ಎರಡು ಸಲ ಆಕೀನ ಅಳಿಸೀದಿ."

ನಿಜವಾಗಿ ಒಂದೇ ಸಲ. ಆದರೆ ವಾದಿಸುವ ಸಮಯ ಅದಲ್ಲ. ಮಲ್ಲಮ್ಮ ಕುರ್ಚಿಯಲ್ಲಿ ಕುಳಿತಳು. ಸೆರಗಿನಿಂದ ಬೆರಳು ಒರೆಸಿಕೊಂಡಳು. ಗೋದಕ್ಕನ ಪಡಸಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಕೀಬೋರ್ಡಿನ ಮೇಲೆ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಒಂದೊಂದಾಗಿ ಹುಡುಕಿದಳು. ಡಬ್ಬಿ ಕೀಂ ಎನ್ನುತ್ತಿತ್ತು. ಎಮ್ ಸಿಕ್ಕಿತು. ಎ ಸಿಕ್ಕಿತು. ಎಲ್ ಹುಡುಕಲು ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹಾಕಿದಳು; ಎರಡನೆಯ ಎಲ್ ಬೇಕಾದಾಗ ಬೆರಳು ಅಲ್ಲೇ ಇದ್ದುದಕ್ಕೆ ಸಣ್ಣದಾಗಿ ನಕ್ಕಳು. ಪೂರ್ತಿ ಹೆಸರು ಬರೆದಳು. ಸಾಕು, ಒತ್ತು ಎಂದು ನನ್ನ ಗಂಟಲ ತುದಿಗೆ ಬಂದಿತ್ತು. ಆಕೆ ನಿಲ್ಲಲಿಲ್ಲ; ರಾವೂರ ಎಂದೂ ಬರೆದಳು. ಡಬ್ಬಿಯ ಕೀಂಕೀಂ ಒಂದಕ್ಕೊಂದು ಕೂಡಿಕೊಂಡು ಒಂದೇ ಕೂಗು ಆಯಿತು. ಆಕೆ ಒತ್ತಿದಳು. ಫ್ಲಾಪಿ 'ಕರಕರ' ಎಂದಿತು, ಅದರ ಹಸಿರು ದೀಪ ಹತ್ತಿ ಆರಿತು. ಅದರ ಹಿಂದೆಯೇ ಪರದೆ ಕಪ್ಪಾಯಿತು.

"ದೀಪ ಆರಿದ ಮ್ಯಾಲ ಪರದೆ ಹೋಗೇದ. ಕುಂತದರಿ ಒಳಗ, ಕುಂತದ!" ಎಂದು ಯೂಸುಫ್ ಮಿಯಾ ಕೂಗಿದ. ಗೋದಕ್ಕ ಮಲ್ಲಮ್ಮನ ಬೆನ್ನಿಗೆ ಗುದ್ದಿದಳು. ಅರ್ಜಿ ಬರೆಸಲು ಬಂದಿದ್ದ ಇಬ್ಬರು ಹೆಂಗಸರೂ ಗುದ್ದಿದರು. ಮಲ್ಲಮ್ಮ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳೋ ಅತ್ತಳೋ, ಕತ್ತಲಾದ ಅಂಗಡಿಯಲ್ಲಿ ನನಗೆ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಶಹಾಬಾದದಲ್ಲಿ ಹನ್ನೆರಡೂ ಬಂದವು. ಅಂಗಡಿಯ ಹೆಂಗಸು ಒಳಗೆ ಉಳಿದಿದ್ದ ಹಳೆಯ 'ಪ್ರಿಂಟ್' ಒಂದನ್ನು ಅಳಿಸಿ, ಎರಡು ಸಲ ಎಣಿಸಿ, "ಈಗ ಹೊರಗಿಂದೂ ಒಳಗಿಂದೂ ತಾಳೆ ಆತು ನೋಡ್ರಿ" ಎಂದಳು. ನಾನು ಎಲ್ಲಕ್ಕಿಂತ ಮೊದಲು ಮಲ್ಲಮ್ಮನದನ್ನು ಬಿಡಿಸಿಕೊಂಡು ಬೇರೆ ಕಿಸೆಯಲ್ಲಿ ಇಟ್ಟೆ. ಒಟ್ಟಿಗೆ ಬಂದದ್ದನ್ನು ಬಿಡಿಸಬಾರದೆಂಬ ನಿಯಮ ಮುರಿದದ್ದು ಅದೇ ಮೊದಲು.

ಫಲಿತಾಂಶ ಬಂದದ್ದೂ ಹಾಗೆಯೇ, ನಂಬರು ಒತ್ತಿದಾಗ ಹುಟ್ಟುವ ಕಾಗದವಾಗಿ. ಈ ಸಲ ಮಲ್ಲಮ್ಮ ನನ್ನನ್ನು ಕರೆಯಲಿಲ್ಲ. ತಾನೇ ಯೂಸುಫ್ ಮಿಯಾನ ಅಂಗಡಿಗೆ ಹೋಗಿ ತೆಗೆದುಕೊಂಡು, ಸಕ್ಕರೆಯ ಪೊಟ್ಟಣದೊಂದಿಗೆ ನಮ್ಮ ಬಾಗಿಲಿಗೆ ಬಂದಳು. ಗಣಿತದಲ್ಲಿ ಅಂಚಿಗೆ ತಾಗಿ ದಾಟಿದ್ದಳು. ನನಗೆ ಸಂತೋಷವಾಯಿತು, ಕಣ್ಣೂ ತುಂಬಿತು, ಆದರೆ ಬಾಯಿಂದ ಬಂದದ್ದು ಮಾತ್ರ ಪಾರ್ಸಲ್ ಆಫೀಸಿನ ಮಾತು: "ಯಾವ ಹೆಸರಿನ ಮ್ಯಾಲ ಉಳಿಸಿದೆವ್ವ?"

"ಮಲ್ಲಮ್ಮ, ರಾವೂರ, ಪಾಸ್ ಅಂತ ಇಟ್ಟೀನ್ರಿ ಕಾಕಾರ" ಎಂದಳು. ಮೂವತ್ತಮೂರು ವರ್ಷದಲ್ಲಿ ನಾನು ಅಷ್ಟು ಪೂರ್ಣವಾದ ಚೀಟಿ ಬರೆದಿಲ್ಲ. ಆಕೆ ತಂದ ಸಕ್ಕರೆಯನ್ನು ನನ್ನ ಹೆಂಡತಿ ಡಬ್ಬಿಗೆ ಸುರಿದಳು.

ಈಗ ನಮ್ಮ ಮನೆಯಲ್ಲೇ ಕಂಪ್ಯೂಟರ್ ಇದೆ. ಹೊಸ ಕಾಲದ ಬ್ರೌಸರ್ ಮೊದಲಿನಷ್ಟು ಮರ್ಯಾದಸ್ಥನಲ್ಲ. ಅಳಿಸಲೇ ಎಂದು ಕೇಳುವುದೇ ಇಲ್ಲ, ತಾನೇ ಒಂದು, ಎರಡು ಎಂದು ನಂಬರು ಹಚ್ಚಿಕೊಳ್ಳುತ್ತದೆ. ಹೋದ ವಾರ ನನ್ನ ಪಿಂಚಣಿಯ ಒಂದು ಕಾಗದ ಬೇಕಾಯಿತು. ತೆರೆದು ನೋಡಿದರೆ ಪ್ರಿಂಟ್ ಒಂದು, ಪ್ರಿಂಟ್ ಎರಡು, ಹೀಗೆ ಪ್ರಿಂಟ್ ಹದಿನಾಲ್ಕರವರೆಗೆ ಸಾಲಾಗಿ ಕುಳಿತಿವೆ. ಎಲ್ಲವೂ ನಾನೇ ಉಳಿಸಿದವು, ಯಾವುದಕ್ಕೂ ಹೆಸರಿಲ್ಲ. ಒಂದೊಂದಾಗಿ ತೆರೆದು ಹುಡುಕುತ್ತಿದ್ದೆ. ಹಿಂದೆ ಪಡಸಾಲೆಯಲ್ಲಿ ಗೋದಕ್ಕನ ಚಪ್ಪಲಿಯ ಸದ್ದು ಕೇಳಿತು. ನಾನು ಪರದೆ ಆರಿಸಿದೆ. ಬೆನ್ನನ್ನು ಗೋಡೆಗೆ ಹಚ್ಚಿ ಕುಳಿತೆ.